ಹಂದಿ ರೋಸ್ಟ್, ಗರಿಗರಿ ತೊಗಲು, ಗ್ರೇವಿ: ಹುಬ್ಬಳ್ಳಿ-ಧಾರವಾಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಹತ್ತಿರ ಬಂದಂತೆ ಈ ಪ್ರಶ್ನೆಗಳು ಶುರುವಾಗುತ್ತವೆ. ಕೇಳುವವರಲ್ಲಿ ರೈಲ್ವೆ ಕ್ವಾರ್ಟರ್ಸಿನವರಿದ್ದಾರೆ, ಕೇಶ್ವಾಪುರದವರಿದ್ದಾರೆ, ಗೋವಾದ ನಂಟು ಇರುವವರಿದ್ದಾರೆ, ಕೊಡಗಿನಿಂದ ವರ್ಗವಾಗಿ ಬಂದವರಿದ್ದಾರೆ. ಹತ್ತರಲ್ಲಿ ಎಂಟು ಪ್ರಶ್ನೆ ಒಂದೇ: ಮಾಂಸ ಚೆನ್ನಾಗಿ ಬೆಂದಿತು, ಮೇಲಿನ ತೊಗಲು ಮಾತ್ರ ರಬ್ಬರ್ ಆಯಿತು, ಯಾಕೆ? ಅದಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಇದು ನಮ್ಮ ಕಡೆಯ ಅಡುಗೆಯೇ?

ಅಲ್ಲ. ಇಂಗ್ಲೆಂಡಿನವರ ಭಾನುವಾರದ ಊಟ ಇದು. ಅಲ್ಲಿ ಬೇಯಿಸಿದ ಇಡೀ ತುಂಡನ್ನು ಮೇಜಿನ ಮೇಲಿಟ್ಟು, ಹೋಳು ಮಾಡಿ, ಅದರದೇ ರಸದಿಂದ ಮಾಡಿದ ಗ್ರೇವಿ ಹಾಕಿ ತಿನ್ನುತ್ತಾರೆ. ಗರಿಗರಿಯಾದ ತೊಗಲಿಗೆ ಅವರು ಕ್ರ್ಯಾಕ್ಲಿಂಗ್ ಅನ್ನುತ್ತಾರೆ. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲೂ ಬಂತು, ವರ್ಕ್‌ಶಾಪೂ ಬಂತು. ದೇಶದ ಬೇರೆ ರೈಲ್ವೆ ಕಾಲೋನಿಗಳ ಹಾಗೆ ಇಲ್ಲಿಯೂ ಆಂಗ್ಲೋ-ಇಂಡಿಯನ್ ಮನೆಗಳಿದ್ದವು. ಅಂಥ ಮನೆಗಳ ರೋಸ್ಟಿಗೆ ಕರಿಮೆಣಸು, ಬಳ್ಳೊಳ್ಳಿ, ಲವಂಗ ಸೇರಿಕೊಂಡವು. ನಾವೂ ಅಷ್ಟೇ ಸೇರಿಸೋಣ, ಅದಕ್ಕಿಂತ ಜಾಸ್ತಿ ಬೇಡ.

ಪ್ರಶ್ನೆ: ಯಾವ ಭಾಗ ತರಬೇಕು?

ಮೊದಲ ಸಲ ಮಾಡುವವರು ಹೊಟ್ಟೆಯ ಭಾಗ ತನ್ನಿ. ಅಂಗಡಿಯಲ್ಲಿ ಬೆಲ್ಲಿ ಅಂತಲೇ ಕೇಳಿ. ಒಂದು ಪದರ ಮಾಂಸ, ಒಂದು ಪದರ ಕೊಬ್ಬು, ಮೇಲೆ ಚಪ್ಪಟೆ ತೊಗಲು ಇರುತ್ತದೆ. ಸಮತಟ್ಟಾಗಿರುವುದರಿಂದ ಶಾಖ ಎಲ್ಲ ಕಡೆ ಒಂದೇ ತರ ತಾಗುತ್ತದೆ. ಸ್ವಲ್ಪ ಜಾಸ್ತಿ ಬೆಂದರೂ ಒಣಗುವುದಿಲ್ಲ.

ಹೆಗಲಿನ ಭಾಗವೂ ಒಳ್ಳೆಯದೇ, ಆದರೆ ನಿಧಾನವಾಗಿ ಬೇಯಬೇಕು. ಹಿಂದಿನ ತೊಡೆ ನೋಡಲು ಚೆಂದ, ಕೊಬ್ಬು ಕಡಿಮೆ. ಹೊತ್ತು ಮೀರಿದರೆ ನಾರುನಾರಾಗುತ್ತದೆ. ನಾಲ್ಕೈದು ಜನರಿಗೆ ಒಂದೂವರೆ ಕಿಲೋ ಸಾಕು. ಮನೆಯ ಓಟಿಜಿಯಲ್ಲಿ (ಮೇಜಿನ ಮೇಲಿಡುವ ಸಣ್ಣ ಕರೆಂಟ್ ಓವನ್) ಎರಡು ಕಿಲೋಗಿಂತ ದೊಡ್ಡ ತುಂಡು ಹಿಡಿಸುವುದೂ ಕಷ್ಟ.

ಪ್ರಶ್ನೆ: ಅಂಗಡಿಯವರು ಸಣ್ಣ ಸಣ್ಣ ತುಂಡು ಮಾಡಿಕೊಡುತ್ತಾರೆ. ಏನು ಹೇಳಬೇಕು?

ಹಿಂದಿನ ದಿನವೇ ಹೇಳಿಡಿ. ನಮ್ಮ ಕಡೆ ಹಂದಿ ಮಾಂಸ ಅಂದರೆ ಸಾರಿಗೋ ಫ್ರೈಗೋ ಅಂತಲೇ ಲೆಕ್ಕ. ಕತ್ತಿ ತಾನಾಗಿ ಓಡುತ್ತದೆ. "ಇಡೀ ತುಂಡು ಬೇಕು, ತೊಗಲು ಸಮೇತ, ಕಡಿಯಬೇಡಿ" ಅಂತ ಬಿಡಿಸಿ ಹೇಳಿ. ಫಾರ್ಮಿನಲ್ಲಿ ಸಾಕಿದ ಬಿಳಿ ಹಂದಿಯದೇ ಬೇಕು ಅಂತಲೂ ಹೇಳಿ. ಬೀದಿಯಲ್ಲಿ ಮೇಯುವ ಹಂದಿಯ ಮಾಂಸ ಎಷ್ಟೇ ಅಗ್ಗ ಸಿಕ್ಕರೂ ಬೇಡ, ಕಾರಣ ಮುಂದೆ ಬರುತ್ತದೆ.

ಮೂಳೆ ತೆಗೆಸಿದರೆ ಅದನ್ನೂ ಕಟ್ಟಿಸಿಕೊಂಡು ಬನ್ನಿ, ಗ್ರೇವಿಗೆ ಬೇಕು. ಗಾಂಧಿ ಜಯಂತಿಯಂಥ ದಿನ ಮಾಂಸದ ಅಂಗಡಿಗಳು ಬಂದ್ ಇರುತ್ತವೆ, ತಾರೀಖು ನೋಡಿಕೊಳ್ಳಿ.

ಗೋವಾದಿಂದ ತರುವವರು ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಹಾಕಿ ತನ್ನಿ. ಗಡ್ಡೆ ಕಟ್ಟಿದ ಮಾಂಸವನ್ನು ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟು ಕರಗಿಸಿ. ಎರಡು ಕಿಲೋಗೆ ಪೂರಾ ಒಂದು ದಿನ ಬೇಕು. ಹೊರಗಿಟ್ಟು ಕರಗಿಸಬೇಡಿ.

ಪ್ರಶ್ನೆ: ತೊಗಲಿನ ಮೇಲೆ ಕೂದಲು ಉಳಿದಿರುತ್ತದೆ...

ಹೊಸ ಶೇವಿಂಗ್ ರೇಜರ್ ತಂದು ಬೋಳಿಸಿ. ನಗಬೇಡಿ, ಇದಕ್ಕಿಂತ ಸುಲಭದ ದಾರಿ ಇಲ್ಲ. ಬುಡ ಉಳಿದಿದ್ದರೆ ಚಿಮಟದಿಂದ ಎಳೆಯಿರಿ. ಗ್ಯಾಸಿನ ಉರಿಯಲ್ಲಿ ಸುಟ್ಟರೂ ಹೋಗುತ್ತದೆ, ಆದರೆ ಆ ವಾಸನೆ ಎರಡು ಮನೆ ದಾಟುತ್ತದೆ. ಸುಟ್ಟ ಕಪ್ಪು ಇದ್ದರೆ ಚಾಕುವಿನಿಂದ ಕೆರೆದು, ತೊಳೆದು, ಒರೆಸಿ.

ಪ್ರಶ್ನೆ: ತೊಗಲಿಗೆ ಗೀರು ಹಾಕುವುದು ಹೇಗೆ? ಚಾಕು ಜಾರುತ್ತದೆ.

ಅಡುಗೆಮನೆ ಚಾಕು ಬಿಟ್ಟುಬಿಡಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ, ಕಾಗದ ಕತ್ತರಿಸುವ ಕಟರ್ ತನ್ನಿ. ಬ್ಲೇಡ್ ಹೊಸದಿರಲಿ, ಬಿಸಿನೀರಲ್ಲಿ ತೊಳೆದಿರಲಿ. ಅರ್ಧ ಇಂಚು ಮಾತ್ರ ಹೊರಗೆ ತೆಗೆಯಿರಿ. ಒಂದು ಸೆಂಟಿಮೀಟರಿಗೆ ಒಂದರಂತೆ ಉದ್ದಕ್ಕೆ ಗೀರು ಎಳೆಯಿರಿ. ತೊಗಲು ಬಿರಿದು ಬಿಳಿ ಕೊಬ್ಬು ಕಾಣಬೇಕು, ಕೆಂಪು ಮಾಂಸ ಕಾಣಬಾರದು. ಮಾಂಸಕ್ಕೆ ಗೀರು ಬಿದ್ದರೆ ಬೇಯುವಾಗ ರಸ ಅಲ್ಲಿಂದ ಮೇಲೆ ಉಕ್ಕಿ ತೊಗಲನ್ನು ನೆನೆಸುತ್ತದೆ. ಅಷ್ಟು ಜಾಗ ಮೆತ್ತಗೇ ಉಳಿಯುತ್ತದೆ.

ಫ್ರಿಜ್ಜಿನಿಂದ ತೆಗೆದ ತಣ್ಣಗಿನ ತೊಗಲಿಗೆ ಗೀರು ಸುಲಭ. ಬೆಚ್ಚಗಾದರೆ ಅದು ಜಗ್ಗುತ್ತದೆ.

ಪ್ರಶ್ನೆ: ತೊಗಲು ಗರಿಗರಿ ಆಗಲು ಗುಟ್ಟೇನು?

ನೀರು ಹೋಗಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ಸಂಡಿಗೆ ಒಣಗಿಸಿದ್ದು ನೆನಪಿದೆ ಅಲ್ವಾ? ಹಿಟ್ಟು ಮೊದಲು ಬೇಯಬೇಕು, ಆಮೇಲೆ ಬಿಸಿಲಲ್ಲಿ ಒಣಗಬೇಕು, ಕೊನೆಗೆ ಕಾದ ಎಣ್ಣೆಗೆ ಬಿದ್ದು ಅರಳಬೇಕು. ಅರೆಬರೆ ಒಣಗಿದ ಸಂಡಿಗೆ ಅರಳುವುದಿಲ್ಲ. ತೊಗಲಿನಲ್ಲಿಯೂ ಅದೇ ಕೆಲಸ ನಡೆಯುತ್ತದೆ. ನೀರು ಬಿಟ್ಟರೆ ತೊಗಲು ಬಹುಪಾಲು ಕೊಲಾಜೆನ್ ಎಂಬ ಗಟ್ಟಿ ಪ್ರೋಟೀನ್. ನಿಧಾನ ಶಾಖದಲ್ಲಿ ಅದು ಮೆತ್ತಗಾಗಿ ಜೆಲಾಟಿನ್ ಆಗುತ್ತದೆ. ಹೆಚ್ಚಿನ ನೀರು ಆರುತ್ತದೆ. ಆಮೇಲೆ ಜೋರು ಶಾಖ ಕೊಟ್ಟರೆ ಒಳಗೆ ಉಳಿದ ಚೂರು ನೀರು ಆವಿಯಾಗಿ ತೊಗಲನ್ನು ಉಬ್ಬಿಸುತ್ತದೆ, ಗುಳ್ಳೆ ಏಳುತ್ತವೆ. ನೀರು ಜಾಸ್ತಿ ಉಳಿದಿದ್ದರೆ ಶಾಖವೆಲ್ಲ ಅದನ್ನು ಆರಿಸುವುದಕ್ಕೇ ಖರ್ಚಾಗುತ್ತದೆ. ತೊಗಲು ಅರಳುವ ಹೊತ್ತಿಗೆ ಕೆಳಗಿನ ಮಾಂಸ ಒಣಗಿ ಹೋಗಿರುತ್ತದೆ.

ಹೀಗೆ ಮಾಡಿ. ಗೀರು ಹಾಕಿದ ತುಂಡನ್ನು ಸಿಂಕಿನಲ್ಲಿ ತೊಗಲು ಮೇಲಾಗಿ ಇಟ್ಟು, ಕುದಿಯುವ ನೀರು ತೊಗಲಿನ ಮೇಲಷ್ಟೇ ಸುರಿಯಿರಿ. ತೊಗಲು ಕುಗ್ಗಿ, ಗೀರುಗಳು ಬಾಯಿ ತೆರೆಯುತ್ತವೆ. ತಕ್ಷಣ ಒಣ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ. ಮಾಂಸದ ಕಡೆಗೆ ಕಿಲೋಗೆ ಎರಡು ಚಮಚ ಪುಡಿ ಉಪ್ಪು, ಕರಿಮೆಣಸು ಸವರಿ. ತೊಗಲಿಗೆ ಬೇರೆಯಾಗಿ ಉಪ್ಪು ತಿಕ್ಕಿ, ಗೀರಿನೊಳಗೆ ಹೋಗುವ ಹಾಗೆ. ನಂತರ ತಟ್ಟೆಯ ಮೇಲೆ ಜಾಲರಿ ಇಟ್ಟು, ಅದರ ಮೇಲೆ ಮಾಂಸ ಇಟ್ಟು, ಏನೂ ಮುಚ್ಚದೆ ಫ್ರಿಜ್ಜಿನಲ್ಲಿ ಒಂದು ರಾತ್ರಿ ಬಿಡಿ. ಎರಡು ರಾತ್ರಿಯಾದರೆ ಇನ್ನೂ ಒಳ್ಳೆಯದು. ಉಪ್ಪು ನೀರನ್ನು ಮೇಲಕ್ಕೆ ಎಳೆಯುತ್ತದೆ, ಫ್ರಿಜ್ಜಿನ ಒಣ ಗಾಳಿ ಅದನ್ನು ಒಯ್ಯುತ್ತದೆ.

ಬೆಳಿಗ್ಗೆ ಬೆರಳಿನಿಂದ ಮುಟ್ಟಿ ನೋಡಿ. ತೊಗಲು ಅಂಟಬಾರದು, ಜಾರಬಾರದು. ಬಣ್ಣ ಸ್ವಲ್ಪ ಗಾಢವಾಗಿ, ಉಗುರಿನಿಂದ ಬಡಿದರೆ ಗಟ್ಟಿ ಅನಿಸಬೇಕು. ಅಲ್ಲಿಗೆ ಮುಕ್ಕಾಲು ಕೆಲಸ ಆಯಿತು.

ಪ್ರಶ್ನೆ: ಮನೆಯ ಫ್ರಿಜ್ಜಿನಲ್ಲಿ ಮುಚ್ಚದೆ ಇಡಲು ಅತ್ತೆಯವರು ಒಪ್ಪುವುದಿಲ್ಲ.

ಅವರ ಮಾತಿನಲ್ಲಿ ಅರ್ಥವಿದೆ. ಹಸಿ ಮಾಂಸದ ನೀರು ಹಾಲು, ಮೊಸರು, ತರಕಾರಿ ಮೇಲೆ ಬೀಳಬಾರದು. ಎಲ್ಲಕ್ಕಿಂತ ಕೆಳಗಿನ ಖಾನೆ ಪೂರ್ತಿ ಖಾಲಿ ಮಾಡಿ, ಅಂಚು ಎತ್ತರವಿರುವ ತಟ್ಟೆಯಲ್ಲಿ ಇಡಿ. ಹಾಲು-ಮೊಸರು ಮೇಲಿನ ಖಾನೆಯಲ್ಲಿ ಮುಚ್ಚಿ ಇಡಿ. ಅದೂ ಆಗದಿದ್ದರೆ ಅಡುಗೆಗೆ ಮುಂಚೆ ಒಂದು ತಾಸು ಟೇಬಲ್ ಫ್ಯಾನಿನ ಮುಂದೆ ಇಡಿ. ಒಂದು ರಾತ್ರಿಯಷ್ಟು ಒಣಗುವುದಿಲ್ಲ, ಏನೂ ಮಾಡದಿದ್ದಕ್ಕಿಂತ ವಾಸಿ. ಎರಡು ತಾಸಿಗಿಂತ ಜಾಸ್ತಿ ಹೊರಗೆ ಬೇಡ.

ಡಿಸೆಂಬರಿನ ಒಣ ಚಳಿಗಾಳಿ ನೋಡಿ ಹಿತ್ತಲಲ್ಲಿ ತೂಗುಹಾಕುತ್ತೇನೆ ಅನ್ನುವವರೂ ಇದ್ದಾರೆ. ಬೇಡ. ನಮ್ಮ ಚಳಿ ಫ್ರಿಜ್ಜಿನ ಚಳಿ ಅಲ್ಲ. ಬೆಕ್ಕಿನ ವಿಷಯ ಬೇರೆ.

ಪ್ರಶ್ನೆ: ಮಳೆಗಾಲದಲ್ಲಿ ಮಾಡಿದರೆ ಗರಿಗರಿ ಉಳಿಯುವುದೇ ಇಲ್ಲ.

ಜುಲೈ ತಿಂಗಳ ಧಾರವಾಡದ ಗಾಳಿಯಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಇದೇನು ಲೆಕ್ಕ. ಎರಡು ರಾತ್ರಿ ಒಣಗಿಸಿ. ಓವನ್ನಿನಿಂದ ತೆಗೆದ ಅರ್ಧ ತಾಸಿನೊಳಗೆ ಬಡಿಸಿ. ಹಳೆಯ ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ತೇವ ಜಾಸ್ತಿ, ಫ್ಯಾನ್ ಇರುವ ಎರಡು ಬಾಗಿಲಿನದರಲ್ಲಿ ಬೇಗ ಒಣಗುತ್ತದೆ.

ಪ್ರಶ್ನೆ: ಓಟಿಜಿಯಲ್ಲಿ ಎಷ್ಟು ಡಿಗ್ರಿ, ಎಷ್ಟು ಹೊತ್ತು?

ಒಂದೂವರೆ ಕಿಲೋ ಬೆಲ್ಲಿಗೆ ಹೇಳುತ್ತೇನೆ. ಓವನ್ 230 ಡಿಗ್ರಿಗೆ ಇಟ್ಟು ಇಪ್ಪತ್ತು ನಿಮಿಷ ಖಾಲಿ ಕಾಯಿಸಿ. ತಟ್ಟೆಯಲ್ಲಿ ಎರಡು ಹೋಳು ಮಾಡಿದ ಉಳ್ಳಾಗಡ್ಡಿ, ಒಂದು ಗಜ್ಜರಿ, ಜಜ್ಜಿದ ಬಳ್ಳೊಳ್ಳಿ ಹಾಕಿ. ಅದರ ಮೇಲೆ ಮಾಂಸ ಇಡಿ. ತೊಗಲಿನ ಮೇಲಿನ ಹಳೆ ಉಪ್ಪು ಕೊಡವಿ, ಚೂರು ಎಣ್ಣೆ ಸವರಿ, ಹೊಸದಾಗಿ ಒಂದು ಚಿಟಿಕೆ ಉಪ್ಪು ಉದುರಿಸಿ. ಮೊದಲ ಅರ್ಧ ತಾಸು 230ರಲ್ಲಿ. ಆಮೇಲೆ 160ಕ್ಕೆ ಇಳಿಸಿ ಒಂದೂವರೆ ತಾಸು. ತಟ್ಟೆಯ ತಳಕ್ಕೆ ಈಗ ಒಂದು ಲೋಟ ನೀರು ಹಾಕಿ, ಇಲ್ಲವಾದರೆ ಕೆಳಗೆ ಬಿದ್ದ ರಸ ಸುಟ್ಟು ಗ್ರೇವಿ ಕಹಿಯಾಗುತ್ತದೆ. ನೀರು ತೊಗಲಿಗೆ ತಾಗಕೂಡದು. ಕೊನೆಗೆ ಮತ್ತೆ 230, ಹತ್ತರಿಂದ ಇಪ್ಪತ್ತು ನಿಮಿಷ.

ತೊಡೆಯಾದರೆ ಮೊದಲ ಅರ್ಧ ತಾಸಿನ ನಂತರ 170 ಡಿಗ್ರಿಯಲ್ಲಿ, ಅರ್ಧ ಕಿಲೋಗೆ 25 ನಿಮಿಷದ ಲೆಕ್ಕ ಹಿಡಿಯಿರಿ.

ಓಟಿಜಿಯ ಗುಂಡಿ ಹೇಳುವ ಡಿಗ್ರಿ ನಂಬಬೇಡಿ. ಒಳಗಿನ ಬಿಸಿ ಇಪ್ಪತ್ತು ಡಿಗ್ರಿ ಆಚೀಚೆ ಇರುವುದು ಸಾಮಾನ್ಯ. ಮೇಲಿನ ರಾಡಿಗೂ ತೊಗಲಿಗೂ ಒಂದು ಗೇಣಿಗೆ ತುಸು ಕಡಿಮೆ ಅಂತರ ಇರಲಿ. ಕೊನೆಯ ಜೋರು ಶಾಖದ ಹೊತ್ತಿನಲ್ಲಿ ಓವನ್ ಬಿಟ್ಟು ಅಲುಗಬೇಡಿ. ಗರಿಗರಿಗೂ ಕರಿಗೂ ನಡುವೆ ಎರಡೇ ನಿಮಿಷ.

ಆದದ್ದು ಹೇಗೆ ಗೊತ್ತಾಗುತ್ತದೆ? ಚಮಚದ ಹಿಂಬದಿಯಿಂದ ತೊಗಲಿಗೆ ಬಡಿಯಿರಿ. ಟಕ್ ಟಕ್ ಅಂದರೆ ಆಯಿತು. ಸದ್ದೇ ಬರದಿದ್ದರೆ ಇನ್ನೂ ಇಲ್ಲ.

ಪ್ರಶ್ನೆ: ನಡುವೆ ಕರೆಂಟ್ ಹೋದರೆ?

ಬಾಗಿಲು ತೆರೆಯಬೇಡಿ. ಕಾದ ಓವನ್ ಸುಮಾರು ಹೊತ್ತು ಬಿಸಿ ಹಿಡಿದಿರುತ್ತದೆ. ಮನೆಯ ಸಾಧಾರಣ ಇನ್ವರ್ಟರಿಗೆ ಓಟಿಜಿ ಹಾಕಬೇಡಿ, ಅದು 1500 ವ್ಯಾಟಿಗೂ ಜಾಸ್ತಿ ಎಳೆಯುತ್ತದೆ. ಅರ್ಧ ತಾಸು ದಾಟಿದರೂ ಬರದಿದ್ದರೆ ದಪ್ಪ ತಳದ ಪಾತ್ರೆಗೆ ಹಾಕಿ, ಮುಚ್ಚಿ, ಗ್ಯಾಸಿನ ಸಣ್ಣ ಉರಿಯಲ್ಲಿ ಮಾಂಸ ಬೇಯಿಸಿಕೊಳ್ಳಿ. ತೊಗಲಿನ ಕೆಲಸ ಕರೆಂಟ್ ಬಂದ ಮೇಲೆ.

ಪ್ರಶ್ನೆ: ನಮ್ಮಲ್ಲಿ ಓವನ್ನೇ ಇಲ್ಲ. ಕುಕ್ಕರಿನಲ್ಲಿ ಆಗುತ್ತದಾ?

ಮಾಂಸ ಬೇಯುತ್ತದೆ. ಕುಕ್ಕರ್ ಆವಿಯ ಪಾತ್ರೆ, ಅದರಲ್ಲಿ ತೊಗಲು ಗರಿಗರಿಯಾಗುವುದಿಲ್ಲ. ಅದಕ್ಕೆ ಎರಡನ್ನೂ ಬೇರೆ ಮಾಡಿ. ತೊಗಲನ್ನು ಕೆಳಗಿನ ಬೆರಳ ದಪ್ಪದ ಕೊಬ್ಬಿನ ಸಮೇತ ಬಿಡಿಸಿ, ಪಟ್ಟಿ ಪಟ್ಟಿ ಕತ್ತರಿಸಿ, ಉಪ್ಪು ಹಚ್ಚಿ ಒಣಗಿಸಿ. ತಣ್ಣಗಿನ ಹಂಚಿನ ಮೇಲೆ ಕೊಬ್ಬು ಕೆಳಗಾಗಿ ಇಟ್ಟು ಸಣ್ಣ ಉರಿ ಹಚ್ಚಿ. ಕೊಬ್ಬು ಕರಗಿ ಅದರದೇ ಎಣ್ಣೆಯಾಗುತ್ತದೆ. ಮಗುಚಿ, ಮೇಲೆ ಭಾರದ ಪಾತ್ರೆ ಇಟ್ಟು ಒತ್ತಿ. ಅರ್ಧ ತಾಸಿನಲ್ಲಿ ಬಂಗಾರದ ಬಣ್ಣ ಬರುತ್ತದೆ. ಚಟಪಟ ಸಿಡಿಯುತ್ತದೆ, ಮಕ್ಕಳನ್ನು ದೂರ ಇಡಿ.

ಏರ್ ಫ್ರೈಯರ್ ಇದ್ದವರ ಅದೃಷ್ಟವೇ ಬೇರೆ. ಮುಕ್ಕಾಲು ಕಿಲೋ ಬೆಲ್ಲಿಯನ್ನು 160ರಲ್ಲಿ ಮುಕ್ಕಾಲು ತಾಸು, ನಂತರ 200ರಲ್ಲಿ ಹದಿನೈದು ನಿಮಿಷ. ಒಳಗೆ ಗಾಳಿ ಸುತ್ತುವುದರಿಂದ ತೊಗಲು ಓಟಿಜಿಗಿಂತ ಚೆನ್ನಾಗಿ ಅರಳುತ್ತದೆ.

ಪ್ರಶ್ನೆ: ಎಲ್ಲ ಮಾಡಿದೆ, ಆದರೂ ತೊಗಲು ಮೆತ್ತಗಿದೆ. ಊಟಕ್ಕೆ ಜನ ಕುಳಿತಿದ್ದಾರೆ!

ತೊಗಲನ್ನು ಹಾಳೆಯ ಹಾಗೆ ಬಿಡಿಸಿ ಜಾಲರಿಯ ಮೇಲೆ ಇಟ್ಟು 230ರಲ್ಲಿ ಹತ್ತು-ಹದಿನೈದು ನಿಮಿಷ ಕೊಡಿ. ಮಾಂಸ ಹೊರಗೆ ಆರಾಮ ಮಾಡಲಿ. ಅಷ್ಟರಲ್ಲಿ ಗ್ರೇವಿ ಮುಗಿಸಿ. ಜನರಿಗೆ ಸೂಪ್ ಕೊಡಿ.

ಪ್ರಶ್ನೆ: ಅಡುಗೆ ಸೋಡಾ ಹಚ್ಚಬೇಕಂತೆ, ವಿನೆಗರ್ ಹಚ್ಚಬೇಕಂತೆ?

ಸೋಡಾ ಹಚ್ಚಿದರೆ ಕಂದು ಬಣ್ಣ ಬೇಗ ಬರುತ್ತದೆ, ಜಾಸ್ತಿಯಾದರೆ ಸಾಬೂನಿನ ರುಚಿ. ವಿನೆಗರ್ ಸವರಿದರೆ ನಷ್ಟವಿಲ್ಲ. ಇವೆರಡೂ ಒಣಗಿಸುವ ಕೆಲಸಕ್ಕೆ ಬದಲಿ ಅಲ್ಲ.

ಪ್ರಶ್ನೆ: ಬ್ಯಾಡಗಿ ಮೆಣಸಿನ ಪುಡಿ ಹಾಕಬಹುದಾ?

ಹಾವೇರಿ ಜಿಲ್ಲೆಯ ಪಕ್ಕದಲ್ಲಿದ್ದು ಬ್ಯಾಡಗಿ ಹಾಕಬೇಡಿ ಅನ್ನಲು ಮನಸ್ಸು ಬರುವುದಿಲ್ಲ. ಮಾಂಸದ ಕಡೆಗೆ ಧಾರಾಳ ಹಾಕಿ. ಖಾರ ಕಡಿಮೆ, ಬಣ್ಣ ಜೋರು. ಗ್ರೇವಿಗೂ ಒಳ್ಳೆಯ ಕೆಂಪು ಬರುತ್ತದೆ. ತೊಗಲಿನ ಮೇಲೆ ಮಾತ್ರ ಬೇಡ. 230 ಡಿಗ್ರಿಯಲ್ಲಿ ಮೆಣಸಿನ ಪುಡಿ ಸೀದು ಕಪ್ಪಾಗಿ ಕಹಿಯಾಗುತ್ತದೆ. ಬಳ್ಳೊಳ್ಳಿ ಪೇಸ್ಟಿಗೂ ಇದೇ ಮಾತು. ಮೊಸರಿನಲ್ಲಿ ನೆನೆಹಾಕುವವರಿಗೆ ನನ್ನ ಹತ್ತಿರ ಉತ್ತರವಿಲ್ಲ. ಅದು ಬೇರೆ ಅಡುಗೆ.

ಪ್ರಶ್ನೆ: ಹಂದಿ ಮಾಂಸದಲ್ಲಿ ಹುಳು ಇರುತ್ತದಂತೆ, ಮಿದುಳಿಗೆ ಹೋಗುತ್ತದಂತೆ. ನಿಜವೇ?

ಅರ್ಧ ನಿಜ. ಹೊಲಸು ತಿಂದ ಹಂದಿಯ ಮಾಂಸದಲ್ಲಿ ಲಾಡಿಹುಳುವಿನ ಮರಿಗಳು ಗಂಟಿನಂತೆ ಕುಳಿತಿರಬಹುದು. ಅಂಥ ಮಾಂಸವನ್ನು ಅರೆಬೆಂದು ತಿಂದರೆ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯುತ್ತದೆ. ಮಿದುಳಿನ ತೊಂದರೆ ಬರುವ ದಾರಿ ಬೇರೆ. ಹುಳು ಇರುವ ಮನುಷ್ಯರ ಮಲದಿಂದ ಹೊರಬಂದ ಮೊಟ್ಟೆ, ಕೊಳಕು ನೀರಿನಿಂದಲೋ, ಸರಿಯಾಗಿ ತೊಳೆಯದ ಸೊಪ್ಪು-ತರಕಾರಿಯಿಂದಲೋ, ಕೈಯಿಂದಲೋ ಹೊಟ್ಟೆ ಸೇರಿದಾಗ ಅದಾಗುತ್ತದೆ. ಹಂದಿಯನ್ನೇ ಮುಟ್ಟದವರಿಗೂ ಬರುವುದು ಇದಕ್ಕೇ.

ಮಾಂಸ ಕತ್ತರಿಸುವಾಗ ನಾರಿನ ನಡುವೆ ನೋಡಿ. ಜೋಳದ ಕಾಳಿನಷ್ಟೋ ಸ್ವಲ್ಪ ದೊಡ್ಡದೋ ಬಿಳಿ ಗುಳ್ಳೆ ಕಂಡರೆ ಆ ಮಾಂಸ ಪೂರ್ತಿ ಬಿಟ್ಟುಬಿಡಿ. ಫಾರ್ಮಿನ ಮಾಂಸವೇ ತನ್ನಿ ಅಂದದ್ದು ಇದಕ್ಕೆ.

ಬೇಯಿಸುವ ವಿಷಯ. ಮಾಂಸದ ಒಳಗಿನ ಬಿಸಿ 71 ಡಿಗ್ರಿ ಮುಟ್ಟಬೇಕು ಅಂತ ಅಮೆರಿಕದ ಕೃಷಿ ಇಲಾಖೆ ಮುಂಚೆ ಅನ್ನುತ್ತಿತ್ತು. 2011ರಲ್ಲಿ ಇಡೀ ತುಂಡಿಗೆ 63 ಡಿಗ್ರಿ ಮತ್ತು 3 ನಿಮಿಷ ಬಿಡುವು ಸಾಕು ಅಂದಿತು. ಅಲ್ಲಿಯ ಹಂದಿ ಸಾಕಣೆ ಬೇರೆ, ಇಲ್ಲಿಯದು ಬೇರೆ. ನಾವು ತೊಡೆಗೆ 75 ಇಟ್ಟುಕೊಳ್ಳೋಣ. ಬೆಲ್ಲಿ ಮತ್ತು ಹೆಗಲು 85 ದಾಟಿದರೇನೇ ಮೆತ್ತಗಾಗುವುದು, ಹಾಗಾಗಿ ಅಲ್ಲಿ ಚಿಂತೆಯೇ ಇಲ್ಲ. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಆನ್‌ಲೈನಿನಲ್ಲಿ ಸಿಗುತ್ತದೆ. ದಪ್ಪ ಭಾಗದ ನಡುವೆ, ಮೂಳೆಗೆ ತಾಗದ ಹಾಗೆ ಚುಚ್ಚಿ.

ಪ್ರಶ್ನೆ: ಹಂದಿ ಜ್ವರದ ಸುದ್ದಿ ಬಂದಾಗ?

ಆಫ್ರಿಕನ್ ಹಂದಿ ಜ್ವರ ಮನುಷ್ಯರಿಗೆ ಬರುವುದಿಲ್ಲ. ಭಾರತದಲ್ಲಿ ಅದು ಮೊದಲು ಕಂಡದ್ದು 2020ರಲ್ಲಿ, ಈಶಾನ್ಯದ ರಾಜ್ಯಗಳಲ್ಲಿ. ಸಾಕುವವರಿಗೆ ಅದು ದೊಡ್ಡ ಹೊಡೆತ, ತಿನ್ನುವವರಿಗೆ ಅಪಾಯವಿಲ್ಲ. ಆದರೂ ಸತ್ತ ಹಂದಿಯ ಮಾಂಸ ಅಗ್ಗಕ್ಕೆ ಬರುವ ಕಾಲ ಅದು, ಗೊತ್ತಿರುವ ಅಂಗಡಿಯಲ್ಲೇ ಕೊಳ್ಳಿ.

ಪ್ರಶ್ನೆ: ಓವನ್ನಿನಿಂದ ತೆಗೆದ ತಕ್ಷಣ ಕತ್ತರಿಸಬಹುದಾ?

ಇಪ್ಪತ್ತು ನಿಮಿಷ ಬಿಡಿ, ಇಲ್ಲವಾದರೆ ರಸವೆಲ್ಲ ಹಲಗೆಯ ಪಾಲು. ಫಾಯಿಲ್ ಮುಚ್ಚಬೇಡಿ, ಆವಿ ಹಿಡಿದು ತೊಗಲು ಮೆತ್ತಗಾಗುತ್ತದೆ. ಕತ್ತರಿಸುವಾಗ ತೊಗಲು ಕೆಳಗಾಗಿ ತಿರುಗಿಸಿ, ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಿಂದ ಗೀರಿನ ಗುಂಟ ಇಳಿಸಿ.

ಪ್ರಶ್ನೆ: ಗ್ರೇವಿ ಮಾಡುವುದು ಹೇಗೆ? ನಮ್ಮದು ಸಾರಿನ ಹಾಗಾಗುತ್ತದೆ.

ಬೆಳಿಗ್ಗೆಯೇ ಮೂಳೆಯನ್ನು ಉಳ್ಳಾಗಡ್ಡಿ, ನಾಲ್ಕು ಕರಿಮೆಣಸು, ಒಂದು ಪಲಾವ್ ಎಲೆ ಜೊತೆ ಕುಕ್ಕರಿಗೆ ಹಾಕಿ ಮುಕ್ಕಾಲು ತಾಸು ಸಣ್ಣ ಉರಿಯಲ್ಲಿ ಬೇಯಿಸಿ ಸೋಸಿಡಿ. ಉಪ್ಪು ಹಾಕಬೇಡಿ. ಮಾಂಸ ಬಿಡುವಿನಲ್ಲಿರುವಾಗ ತಟ್ಟೆಯ ರಸವನ್ನು ಉದ್ದನೆಯ ಸ್ಟೀಲ್ ಲೋಟಕ್ಕೆ ಬಗ್ಗಿಸಿ. ಐದು ನಿಮಿಷದಲ್ಲಿ ಕೊಬ್ಬು ಮೇಲೆ ತೇಲುತ್ತದೆ, ಕಂದು ರಸ ಕೆಳಗೆ. ಕೊಬ್ಬನ್ನು ಸೌಟಿನಿಂದ ಬೇರೆ ತೆಗೆಯಿರಿ.

ಎರಡು ದೊಡ್ಡ ಚಮಚ ಕೊಬ್ಬನ್ನು ಬಾಣಲೆಗೆ ಹಾಕಿ, ಎರಡು ದೊಡ್ಡ ಚಮಚ ಮೈದಾ ಹಾಕಿ ಹುರಿಯಿರಿ. ಇಲ್ಲಿ ಅವಸರ ಬೇಡ. ಹಸಿ ವಾಸನೆ ಹೋಗಿ, ಬೇಸನ್ ಉಂಡಿಗೆ ಹುರಿದ ಹಿಟ್ಟಿನ ಬಣ್ಣ ಬರಬೇಕು. ಗ್ರೇವಿಯ ಬಣ್ಣ, ರುಚಿ ಎರಡೂ ಇಲ್ಲಿಯೇ ತೀರ್ಮಾನವಾಗುತ್ತವೆ. ಈಗ ಓವನ್ ತಟ್ಟೆಗೆ ಒಂದು ಲೋಟ ಬಿಸಿ ಮೂಳೆ ನೀರು ಹಾಕಿ, ಮರದ ಸೌಟಿನಿಂದ ತಳ ಕೆರೆಯಿರಿ. ಅಂಟಿದ ಕಂದು ಚೂರುಗಳೇ ಗ್ರೇವಿಯ ಜೀವ. ಕರಿ ಚೂರು ಬೇಡ. ಆ ನೀರನ್ನು, ಲೋಟದ ರಸವನ್ನು, ಇನ್ನೊಂದು ಲೋಟ ಮೂಳೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬಾಣಲೆಗೆ ಹಾಕುತ್ತಾ ತಿರುವಿ. ತಟ್ಟೆಯ ಬೆಂದ ಉಳ್ಳಾಗಡ್ಡಿಯನ್ನೂ ಹಿಚುಕಿ ಸೇರಿಸಿ. ಹತ್ತು ನಿಮಿಷ ಕುದಿಸಿ ಸೋಸಿ. ಚಮಚದ ಬೆನ್ನಿಗೆ ಹತ್ತಿ, ಬೆರಳೆಳೆದರೆ ದಾರಿ ಉಳಿಯಬೇಕು. ಉಪ್ಪು ಕೊನೆಗೆ, ರುಚಿ ನೋಡಿಯೇ. ಅರ್ಧ ಚಮಚ ವಿನೆಗರ್ ಹಾಕಿದರೆ ಕೊಬ್ಬಿನ ಜಿಡ್ಡು ನಾಲಿಗೆಗೆ ಹತ್ತುವುದಿಲ್ಲ.

ಗಂಟಾದರೆ ಮಿಕ್ಸಿಗೆ ಹಾಕಿ, ಯಾರಿಗೂ ಗೊತ್ತಾಗುವುದಿಲ್ಲ. ಉಪ್ಪು ಜಾಸ್ತಿಯಾದರೆ ಮೂಳೆ ನೀರಿನಿಂದ ತೆಳು ಮಾಡಿ. ಆಲೂಗಡ್ಡಿ ಹಾಕಿದರೆ ಉಪ್ಪು ಹೀರುತ್ತದೆ ಅನ್ನುವುದು ಸುಮ್ನೆ ಮಾತು, ಆಲೂಗಡ್ಡಿಯೂ ಉಪ್ಪಾಗುತ್ತದೆ ಅಷ್ಟೇ. ಮೈದಾ ಆಗದವರಿಗೆ ಕಾರ್ನ್‌ಫ್ಲೋರ್ ತಣ್ಣೀರಿನಲ್ಲಿ ಕಲಸಿ ಹಾಕಬಹುದು.

ಮತ್ತೆ, ಗ್ರೇವಿಯನ್ನು ತೊಗಲಿನ ಮೇಲೆ ಸುರಿಯಬೇಡಿ! ಎರಡು ದಿನದ ಕೆಲಸ ಎರಡು ನಿಮಿಷದಲ್ಲಿ ಹೋಗುತ್ತದೆ. ಮಾಂಸದ ಮೇಲೆ ಹಾಕಿ, ತೊಗಲು ಪಕ್ಕದಲ್ಲಿ ಒಣಗಿರಲಿ.

ಪ್ರಶ್ನೆ: ಜೊತೆಗೆ ಏನು?

ಇಂಗ್ಲೆಂಡಿನಲ್ಲಿ ಹುಳಿ ಸೇಬಿನ ಸಾಸ್. ನಮಗೆ ಸಿಗುವ ಸೇಬು ಸಿಹಿ ಜಾಸ್ತಿ, ಲಿಂಬೆ ಹಿಂಡಬೇಕು. ನನ್ನನ್ನು ಕೇಳಿದರೆ ಪುಂಡಿ ಪಲ್ಯ. ಅದರ ಹುಳಿ ಈ ಕೊಬ್ಬಿಗೆ ಹೇಳಿ ಮಾಡಿಸಿದ್ದು. ಚಳಿಗಾಲದಲ್ಲಿ ಧಾರವಾಡದ ಪೇರಲ ಹಣ್ಣು ಸಿಕ್ಕರೆ ಅರೆಗಾಯಿಯನ್ನು ಬೇಯಿಸಿ, ಬೀಜ ಸೋಸಿ, ಲಿಂಬೆ, ಚೂರು ಬೆಲ್ಲ ಹಾಕಿ ಸಾಸ್ ಮಾಡಿ. ಆಲೂಗಡ್ಡಿ ಅರೆಬೇಯಿಸಿ, ತೆಗೆದಿಟ್ಟ ಹಂದಿ ಕೊಬ್ಬಿನಲ್ಲಿ ಹೊರಳಿಸಿ ಓವನ್ನಿಗೆ ಹಾಕಿ. ಬಿಸಿ ಜೋಳದ ರೊಟ್ಟಿ ಗ್ರೇವಿಗೆ ಬ್ರೆಡ್ಡಿಗಿಂತ ಚೆನ್ನಾಗಿ ಹೊಂದುತ್ತದೆ. ಒಮ್ಮೆ ತಿಂದು ನೋಡಿ ಆಮೇಲೆ ವಾದಕ್ಕೆ ಬನ್ನಿ.

ಪ್ರಶ್ನೆ: ಬಾಡಿಗೆ ಮನೆ, ಮೇಲಿನವರು ಶಾಕಾಹಾರಿಗಳು. ಮಾಡಬಹುದಾ?

ಬಾಡಿಗೆ ಹಿಡಿಯುವಾಗ ಏನು ಮಾತಾಗಿದೆಯೋ ಅದರಂತೆ. ಮಾತು ಕೊಟ್ಟು ಕದ್ದು ಮಾಡಬೇಡಿ. ರೋಸ್ಟಿನ ವಾಸನೆ ಮೂರು ತಾಸು ಇರುತ್ತದೆ, ಬಚ್ಚಿಡಲು ಆಗುವುದಿಲ್ಲ. ಅಡ್ಡಿಯಿಲ್ಲ ಅಂದಿದ್ದರೂ ಅವರ ಮನೆಯ ಪೂಜೆ, ಹಬ್ಬದ ದಿನ ಬಿಟ್ಟು ಮಾಡಿ.

ಅತಿಥಿಗಳ ವಿಷಯದಲ್ಲಿ ಇನ್ನೂ ನೇರ. ಇದು ಹಂದಿ ಅಂತ ಬಡಿಸುವ ಮುಂಚೆಯೇ ಹೇಳಿ. "ತಿಂದ ಮೇಲೆ ಹೇಳೋಣ" ಅನ್ನುವ ತಮಾಷೆ ತಮಾಷೆಯೇ ಅಲ್ಲ. ಕೊಬ್ಬಿನಲ್ಲಿ ಹುರಿದ ಆಲೂಗಡ್ಡಿಯೂ ಹಂದಿಯದೇ ಲೆಕ್ಕ, ಗ್ರೇವಿಯೂ ಅಷ್ಟೇ. ತಿನ್ನದವರಿಗೆ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಎಣ್ಣೆ.

ಪ್ರಶ್ನೆ: ಉಳಿದದ್ದನ್ನು ಏನು ಮಾಡುವುದು?

ತೊಗಲನ್ನು ಬೇರೆ ಡಬ್ಬಿಯಲ್ಲಿಡಿ. ತಿನ್ನುವ ಮುಂಚೆ 200 ಡಿಗ್ರಿಯಲ್ಲಿ ಐದಾರು ನಿಮಿಷ ಬಿಸಿ ಮಾಡಿದರೆ ಮತ್ತೆ ಗರಿಗರಿಯಾಗುತ್ತದೆ. ಮೈಕ್ರೋವೇವ್ ಬೇಡ. ಮಾಂಸವನ್ನು ಗ್ರೇವಿಯಲ್ಲೇ ಬಿಸಿ ಮಾಡಿ, ಮೂರು ದಿನದೊಳಗೆ ಮುಗಿಸಿ. ಮರುದಿನ ವಿನೆಗರ್, ಬ್ಯಾಡಗಿ, ಬಳ್ಳೊಳ್ಳಿ ಅರೆದು ವಿಂದಾಲೂ ತರಹ ಮಾಡಿದರೆ ರೋಸ್ಟ್ ಮರೆತೇ ಹೋಗುತ್ತದೆ.

ಕೊಬ್ಬನ್ನು ಸೋಸಿ ಗಾಜಿನ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಸಿಂಕಿಗೆ ಮಾತ್ರ ಸುರಿಯಬೇಡಿ. ಪೈಪಿನೊಳಗೆ ಗಟ್ಟಿಯಾಗಿ ಕೂತರೆ ಪ್ಲಂಬರ್ ಕರೆಸಬೇಕು, ಹಬ್ಬದ ದಿನ ಅವರು ಸಿಗುವುದಿಲ್ಲ.